ತಾರಸಿಯ ಬಿಸಿಲಿಗೆ ಎಷ್ಟು ಬೆಲೆ?

ತುಮಕೂರಿನಲ್ಲಿ ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ಒಂದೇ ಕಾಂಪೌಂಡು ಗೋಡೆ. ಎರಡೂ ತಾರಸಿಗಳ ಮೇಲೆ ಬೀಳುವ ಬಿಸಿಲೂ ಒಂದೇ. ಸೋಲಾರ್ ಪ್ಯಾನೆಲ್ ಮಾರುವ ಹುಡುಗ ಒಂದೇ ದಿನ ಎರಡೂ ಗೇಟು ತಟ್ಟಿ ಎರಡೂ ಮನೆಗೆ ಒಂದೇ ಕರಪತ್ರ ಕೊಟ್ಟು ಹೋದ. 'ನಾಲ್ಕೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, 25 ವರ್ಷದಲ್ಲಿ 14 ಲಕ್ಷ ಉಳಿತಾಯ' ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಸಂಜೆ ಮೇಷ್ಟ್ರು ಕರಪತ್ರ ಹಿಡಿದು ಬಂದರು. "ಏನ್ರೀ ಇದು, ನಿಜಾನಾ?" ಎಂದರು. ನಾನು ಕಾಗದ, ಪೆನ್ನು ತಂದೆ. ರಾತ್ರಿ ಊಟದ ಹೊತ್ತಿಗೆ ತೇಲಿದ ಉತ್ತರ ಇಬ್ಬರಿಗೂ ವಿಚಿತ್ರ ಅನ್ನಿಸಿತು. ಅದೇ ಪ್ಯಾನೆಲ್, ಅದೇ ಬಿಸಿಲು, ಅದೇ ಬೆಲೆ. ನಮ್ಮ ಮನೆಗೆ ಲಾಭ, ಅವರ ಮನೆಗೆ ಒಂದು ರೂಪಾಯಿಯೂ ಇಲ್ಲ.

ಯಾಕೆ ಹೀಗೆ ಎಂಬುದೇ ಈ ಅಧ್ಯಾಯ. ಮೊದಲು ಬಿಸಿಲಿನ ಕಡೆಯಿಂದ ಹೊರಡೋಣ. ಆ ಕಡೆಯ ಲೆಕ್ಕ ಸುಲಭ, ನಂಬಿಕಸ್ತ ಕೂಡ.

ನೆತ್ತಿಯ ಮೇಲೆ ಸೂರ್ಯ ಇದ್ದು ಆಕಾಶ ಶುಭ್ರವಾಗಿದ್ದರೆ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವ್ಯಾಟ್ ಶಕ್ತಿ ಸುರಿಯುತ್ತದೆ. ಈಗ ಮನೆಗಳಿಗೆ ಹಾಕುವ ದೊಡ್ಡ ಪ್ಯಾನೆಲ್ ಒಂದರ ವಿಸ್ತೀರ್ಣ ಸುಮಾರು ಎರಡೂವರೆ ಚದರ ಮೀಟರ್. ಅಂದರೆ ಒಳಗೆ ಬರುವುದು ಎರಡೂವರೆ ಸಾವಿರ ವ್ಯಾಟ್. ಹೊರಗೆ ಹೋಗುವ ಕರೆಂಟು 540 ವ್ಯಾಟ್ ಆಸುಪಾಸು. ಐದರಲ್ಲಿ ಒಂದು ಪಾಲು! ಮಿಕ್ಕದ್ದೆಲ್ಲ ಗಾಜು ಕಾಯಿಸಿ ಗಾಳಿಗೆ ಹೋಗುತ್ತದೆ.

ಇದು ತಯಾರಕರ ಸೋಮಾರಿತನವಲ್ಲ. ಸಿಲಿಕಾನಿನ ಒಳಗೆ ಇಲೆಕ್ಟ್ರಾನು ತನ್ನ ಜಾಗದಿಂದ ಎದ್ದು ಹೊರಡಬೇಕಾದರೆ ಬೆಳಕಿನ ಕಣವೊಂದು ಅದಕ್ಕೆ ಕನಿಷ್ಠ 1.1 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಡಬೇಕು. ನಮ್ಮ ಬಸ್ಸಿನ ಟಿಕೆಟ್ಟಿನ ಹಾಗೆ. ಅವಗೆಂಪು ಕಿರಣದ ಬಹುಪಾಲು ಕಣಗಳ ಕಿಸೆಯಲ್ಲಿ ಅಷ್ಟು ದುಡ್ಡಿಲ್ಲ, ಬಸ್ಸು ಹತ್ತಲಾರವು. ನೀಲಿ ಬೆಳಕಿನ ಕಣಗಳ ಹತ್ತಿರ ಎರಡು ಟಿಕೆಟ್ಟಿಗೂ ಮಿಕ್ಕುವಷ್ಟು ದುಡ್ಡಿದೆ, ಆದರೆ ಸಿಗುವುದು ಒಂದೇ ಸೀಟು, ಚಿಲ್ಲರೆ ವಾಪಸ್ ಇಲ್ಲ. ನಮ್ಮ ಕಂಡಕ್ಟರುಗಳಾದರೂ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಸಿಲಿಕಾನ್ ಅದನ್ನೂ ಮಾಡುವುದಿಲ್ಲ. ಈ ಚಿಲ್ಲರೆ ನಷ್ಟವನ್ನೆಲ್ಲ ಕೂಡಿಸಿ ಶಾಕ್ಲಿ ಮತ್ತು ಕ್ವೈಸರ್ ಎಂಬಿಬ್ಬರು 1961ರಲ್ಲೇ ಲೆಕ್ಕ ಹಾಕಿದ್ದರು: ಒಂದೇ ಪದರದ ಸೌರಕೋಶ, ಅದು ಯಾವುದರಿಂದ ಮಾಡಿದ್ದಾದರೂ, ಸಾಮಾನ್ಯ ಬಿಸಿಲಿನ ಮೂರನೇ ಒಂದು ಪಾಲನ್ನು ಮೀರಿ ಕರೆಂಟು ಮಾಡಲಾರದು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಮೊದಲ ಸಿಲಿಕಾನ್ ಕೋಶ ಶೇ 6ರಷ್ಟನ್ನು ಮಾತ್ರ ಹಿಡಿದಿತ್ತು. ಈಗ ಅಂಗಡಿಯಲ್ಲಿ ಸಿಗುವುದು ಶೇ 20ರಿಂದ 23. ಆದ್ದರಿಂದ 'ಇನ್ನೂ ಒಳ್ಳೆಯ ಪ್ಯಾನೆಲ್ ಬರಲಿ, ಆಮೇಲೆ ಹಾಕಿಸೋಣ' ಎಂದು ಕಾಯುವವರು ದೊಡ್ಡ ಪವಾಡವನ್ನೇನೂ ನಿರೀಕ್ಷಿಸಬೇಕಾಗಿಲ್ಲ.

ಪ್ಯಾನೆಲ್ಲಿನ ಬೆನ್ನಿಗೆ 540 ವ್ಯಾಟ್ ಎಂದು ಚೀಟಿ ಅಂಟಿಸಿರುತ್ತಾರಲ್ಲ, ಅದು ಪ್ರಯೋಗಾಲಯದ ಮಾತು. ಕೋಶದ ತಾಪಮಾನ 25 ಡಿಗ್ರಿ ಇದ್ದಾಗ ಮಾತ್ರ ಆ ಸಂಖ್ಯೆ. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ತಾರಸಿಯ ಪ್ಯಾನೆಲ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಕೋಶ 60 ಡಿಗ್ರಿ ತಲುಪಿರುತ್ತದೆ. ಒಂದೊಂದು ಡಿಗ್ರಿಗೂ ಶೇ 0.35ರಷ್ಟು ಉತ್ಪಾದನೆ ಕುಸಿಯುತ್ತದೆ ಎಂದರೆ 35 ಡಿಗ್ರಿಗೆ ಶೇ 12 ಹೋಯಿತು. ಕಲಬುರಗಿಯ ಬಿಸಿಲು ಜಾಸ್ತಿ, ನಿಜ, ಆದರೆ ಸೆಕೆಯೂ ಜಾಸ್ತಿ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬೆಂಗಳೂರು, ತುಮಕೂರಿನಂಥ ಎತ್ತರದ ಬಯಲು ಅದಕ್ಕೆ ತವರುಮನೆ ಇದ್ದ ಹಾಗೆ.

ಸೆಕೆಯ ಜೊತೆಗೆ ದೂಳು, ತಂತಿಯ ನಷ್ಟ, ಇನ್ವರ್ಟರಿನ ನಷ್ಟ. ಎಲ್ಲ ಕಳೆದರೆ ಚೀಟಿಯ ಸಂಖ್ಯೆಯ ಮುಕ್ಕಾಲು ಭಾಗ ಕೈಗೆ ಸಿಗುತ್ತದೆ. ನಮ್ಮ ಭಾಗದಲ್ಲಿ ದಿನವೊಂದಕ್ಕೆ ಬೀಳುವ ಬಿಸಿಲನ್ನು ವರ್ಷದ ಸರಾಸರಿಯಲ್ಲಿ ನೋಡಿದರೆ ಐದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮ. ಅದರ ಮುಕ್ಕಾಲು, ಅಂದರೆ ನಾಲ್ಕು. ಒಂದು ಕಿಲೋವ್ಯಾಟ್ ಪ್ಯಾನೆಲ್ಲಿಗೆ ದಿನಕ್ಕೆ ನಾಲ್ಕು ಯೂನಿಟ್: ಇದೊಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಮಾರಾಟಗಾರನೂ ನಿಮಗೆ ಟೋಪಿ ಹಾಕಲಾರ. ಯಾರಾದರೂ ಐದೂವರೆ ಯೂನಿಟ್ ಎಂದರೆ ಅವರು ಆ ಮುಕ್ಕಾಲನ್ನು ಮರೆತಿದ್ದಾರೆ. ಹೋಲಿಕೆಗೆ ಹೇಳುವುದಾದರೆ, ಮನೆಮನೆಯ ಛಾವಣಿಗೆ ಸೋಲಾರ್ ಹಾಕಿಸಿ ಹೆಸರಾದ ಜರ್ಮನಿಯಲ್ಲಿ ಒಂದು ಕಿಲೋವ್ಯಾಟ್ ವರ್ಷಕ್ಕೆ ಕೊಡುವುದು ಸುಮಾರು 1,000 ಯೂನಿಟ್, ನಮ್ಮಲ್ಲಿ 1,460.

ವರ್ಷದುದ್ದಕ್ಕೂ ನಾಲ್ಕೇ ಬರುತ್ತದೆ ಎಂದಲ್ಲ. ಆಷಾಢದ ಮೋಡಕ್ಕೆ ತುಮಕೂರಿನಲ್ಲೂ ಮೂರಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳ ಬಿಸಿಲು ಮಾರ್ಚಿನ ಅರ್ಧದಷ್ಟೇ. ಹಾಗೆಂದು ಕರಾವಳಿಯವರು ಕೈಚೆಲ್ಲಬೇಕಾಗಿಲ್ಲ; ನವೆಂಬರಿನಿಂದ ಮೇವರೆಗೆ ಅಲ್ಲಿ ಬಿಸಿಲಿಗೆ ಬರವಿಲ್ಲ.

ಇನ್ನು ನೆರಳು. ನಾನು ಕಂಡ ಮಟ್ಟಿಗೆ ತಾರಸಿ ಸೋಲಾರಿನ ಲೆಕ್ಕ ಹೆಚ್ಚು ಹದಗೆಡುವುದು ಇಲ್ಲೇ. ಪ್ಯಾನೆಲ್ಲಿನ ಕೋಶಗಳು ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಣೆಯಾಗಿರುತ್ತವೆ. ತೋಟದ ನೀರಿನ ಪೈಪನ್ನು ಎಲ್ಲಾದರೂ ಒಂದು ಕಡೆ ತುಳಿದು ನಿಂತರೆ ಏನಾಗುತ್ತದೆ? ಇಲ್ಲೂ ಅದೇ. ಒಂದು ಕೋಶದ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಹರಿವು ಸಣ್ಣಗಾಗುತ್ತದೆ. ಇದಕ್ಕೆಂದೇ ಒಂದೊಂದು ಪ್ಯಾನೆಲ್ಲಿನೊಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ನೆರಳಾದ ಮೂರನೇ ಒಂದು ಭಾಗವನ್ನು ಬದಿಗೆ ಸರಿಸಿ ಮಿಕ್ಕ ಭಾಗ ಕೆಲಸ ಮಾಡುತ್ತದೆ. ತೆಂಗಿನ ಗರಿಯೊಂದು ಮುಚ್ಚುವುದು ಗೇಣು ಜಾಗ, ಕಸಿಯುವುದು ಮೂರನೇ ಒಂದು ಪಾಲು ಕರೆಂಟು.

ತೆಂಗಿನ ನಾಡಾದ ನಮ್ಮ ಜಿಲ್ಲೆಯಲ್ಲಿ ಇದು ತಮಾಷೆಯ ಮಾತಲ್ಲ. ನೆರಳನ್ನು ಒಂದು ದಿನ ನೋಡಿ ತೀರ್ಮಾನಿಸುವ ಹಾಗೂ ಇಲ್ಲ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಇರುವುದು ನಮ್ಮ ಉತ್ತರಕ್ಕೆ! ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ ಪ್ಯಾನೆಲ್ಲಿಗೆ ಆಗ ಸೂರ್ಯ ಬೆನ್ನ ಕಡೆ. ಅಂಥ ದೊಡ್ಡ ನಷ್ಟವಿಲ್ಲ, ಇಳಿಜಾರು ಬರೀ 13 ಡಿಗ್ರಿ ತಾನೆ. ಆದರೆ ಉತ್ತರದ ಓವರ್‌ಹೆಡ್ ಟ್ಯಾಂಕಿನ ನೆರಳು ಆಗ ಪ್ಯಾನೆಲ್ಲಿನ ಮೇಲೆ ಬೀಳಬಹುದು. ಡಿಸೆಂಬರಿನಲ್ಲಿ ಇದು ತಿರುಗುಮುರುಗು. ದಕ್ಷಿಣಕ್ಕಿರುವ ಹತ್ತಡಿ ಗೋಡೆ ನಡುಮಧ್ಯಾಹ್ನವೂ ಏಳೂವರೆ ಅಡಿ ನೆರಳು ಚಾಚುತ್ತದೆ. ಪಕ್ಕದ ಸೈಟಿನವರು ನಾಳೆ ಇನ್ನೊಂದು ಮಹಡಿ ಎಬ್ಬಿಸಿದರೆ ಅದಕ್ಕೆ ಯಾವ ಡಯೋಡೂ ಇಲ್ಲ. ಮೂವತ್ತು ನಲವತ್ತರ ಸೈಟುಗಳ ಊರಿನಲ್ಲಿ 25 ವರ್ಷದ ಲೆಕ್ಕ ಬರೆಯುವವರು ಈ ಒಂದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಈಗ ದುಡ್ಡಿಗೆ ಬರೋಣ. ನಮ್ಮ ಮನೆಗೆ ಹಾಕಿಸಿದ್ದು 3 ಕಿಲೋವ್ಯಾಟ್. ಪ್ಯಾನೆಲ್, ಇನ್ವರ್ಟರ್, ಕಬ್ಬಿಣದ ಚೌಕಟ್ಟು, ಅರ್ಥಿಂಗ್, ಎರಡು ದಿಕ್ಕಿನ ಮೀಟರ್, ಕೂಲಿ, ತೆರಿಗೆ ಎಲ್ಲ ಸೇರಿ 1,95,000 ರೂಪಾಯಿ. ಪಿಎಂ ಸೂರ್ಯಘರ್ ಎಂದು 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ನಾಲ್ಕು ಹಾಕಿ, ಹತ್ತು ಹಾಕಿ, 78,000ದ ಮೇಲೆ ಒಂದು ಪೈಸೆ ಹೆಚ್ಚಿಲ್ಲ. ಪ್ಯಾನೆಲ್ಲಿನ ಕೋಶಗಳು ಭಾರತದಲ್ಲೇ ತಯಾರಾದವು ಆಗಿರಬೇಕು. ಈ ಹಣ ಬರುವುದು ಕೆಲಸವೆಲ್ಲ ಮುಗಿದು ಮೀಟರ್ ಕೂತ ಮೇಲೆ, ನೇರವಾಗಿ ಬ್ಯಾಂಕ್ ಖಾತೆಗೆ. ಮೊದಲು ಪೂರ್ತಿ ಹಣ ಹೊಂದಿಸಿಕೊಳ್ಳಬೇಕಾದವರು ನಾವೇ. ಕೊನೆಗೆ ಕೈಯಿಂದ ಹೋದದ್ದು 1,17,000.

(ನಾವು ಹಾಕಿಸಿದ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ನಮ್ಮ ಬಿಲ್ಲಿನ ಮೇಲೆ ಎಂಟು ಸಾವಿರದಷ್ಟು ಕಡಿಮೆಯಾಗುತ್ತಿತ್ತು. ಒಂದು ಸಂಜೆ ಹೊಟ್ಟೆ ಉರಿಯಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ಯಾಕೆಂಬುದು ಮುಂದಿನ ಸಂಖ್ಯೆಗಳಲ್ಲಿದೆ.)

3 ಕಿಲೋವ್ಯಾಟ್, ದಿನಕ್ಕೆ 12 ಯೂನಿಟ್, ವರ್ಷಕ್ಕೆ 4,380. ನಮ್ಮ ಮನೆಯ ಖರ್ಚು ತಿಂಗಳಿಗೆ 390 ಯೂನಿಟ್. ಎರಡು ಎಲೆಕ್ಟ್ರಿಕ್ ಸ್ಕೂಟರ್, ಇಂಡಕ್ಷನ್ ಒಲೆ, ಕೊಳವೆಬಾವಿಯ ಮೋಟರ್ ಸೇರಿ. ವರ್ಷಕ್ಕೆ 4,680. ಅಂದರೆ ತಾರಸಿಯಲ್ಲಿ ಬೆಳೆದದ್ದೆಲ್ಲ ಹೆಚ್ಚುಕಡಿಮೆ ಮನೆಯಲ್ಲೇ ಖರ್ಚು. 2025–26ರ ದರಪಟ್ಟಿಯಲ್ಲಿ ಗೃಹಬಳಕೆಯ ಒಂದು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದಕ್ಕೆ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9ರ ತೆರಿಗೆ ಸೇರಿಸಿದರೆ 6 ರೂಪಾಯಿ 68 ಪೈಸೆ. 4,380ರಿಂದ ಗುಣಿಸಿದರೆ ವರ್ಷಕ್ಕೆ 29,000ದ ಚಿಲ್ಲರೆ. ಪ್ಯಾನೆಲ್ ತೊಳೆಸುವ ಕೂಲಿ, ಸಣ್ಣಪುಟ್ಟ ರಿಪೇರಿ ಎಂದು ಎರಡು ಸಾವಿರ ಬಿಟ್ಟರೆ 27,000. ಹಾಕಿದ 1,17,000ವನ್ನು ಇದರಿಂದ ಭಾಗಿಸಿದರೆ ನಾಲ್ಕು ವರ್ಷ ನಾಲ್ಕು ತಿಂಗಳು. ಹುಡುಗ ಹೇಳಿದ್ದು ಸುಳ್ಳಲ್ಲ! ಎಂಟು ಸಾವಿರ ಇಳಿಯಲಿ ಎಂದು ವರ್ಷ ಕಾದಿದ್ದರೆ 27,000 ಕಳೆದುಕೊಳ್ಳುತ್ತಿದ್ದೆ. ನನ್ನ ಸಮಾಧಾನದ ಗುಟ್ಟು ಅದು.

ಆದರೆ ಇದು ಬಡ್ಡಿ ಮರೆತ ಲೆಕ್ಕ. ಅದೇ ದುಡ್ಡು ಬ್ಯಾಂಕಿನಲ್ಲಿದ್ದಿದ್ದರೆ ಶೇ 7 ಬರುತ್ತಿತ್ತು. ಐದು ವರ್ಷದ ನಂತರ ಉಳಿಯುವ ರೂಪಾಯಿ ಇವತ್ತಿನ ಎಪ್ಪತ್ತು ಪೈಸೆಗೆ ಸಮ, ಇಪ್ಪತ್ತೈದನೇ ವರ್ಷದ್ದು ಹದಿನೆಂಟು ಪೈಸೆಗೆ. ಹೀಗೆ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದರೆ ಅಸಲು ವಾಪಸಾಗುವುದಕ್ಕೆ ಐದೂಕಾಲು ವರ್ಷ ಬೇಕು. ಪ್ಯಾನೆಲ್ಲುಗಳು ವರ್ಷಕ್ಕೆ ಅರ್ಧ ಶೇಕಡದಷ್ಟು ಮುದಿಯಾಗುತ್ತವೆ. ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಾಗಬೇಕು, 35,000 ಎಂದಿಟ್ಟುಕೊಳ್ಳಿ. ಎಲ್ಲ ಕಳೆದು 25 ವರ್ಷದ ಉಳಿತಾಯ ಇವತ್ತಿನ ರೂಪಾಯಿಯಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರ. ಕರಪತ್ರದ 14 ಲಕ್ಷ ಎಲ್ಲಿ, ಇದೆಲ್ಲಿ?

14 ಲಕ್ಷ ಎಲ್ಲಿಂದ ಬಂತೆಂದು ಹುಡುಕಲು ನನಗೆ ಹತ್ತು ನಿಮಿಷ ಹಿಡಿಯಿತು. ಕರೆಂಟಿನ ದರ ವರ್ಷಕ್ಕೆ ಶೇ 5ರಂತೆ ಏರುತ್ತಲೇ ಹೋಗುತ್ತದೆ ಎಂದು ಊಹಿಸಿ, ಬಡ್ಡಿ, ಮುದಿತನ, ಇನ್ವರ್ಟರ್ ಎಲ್ಲವನ್ನೂ ಕೈಬಿಟ್ಟು ಕೂಡಿದರೆ ಸರಿಯಾಗಿ 14 ಲಕ್ಷ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾರೆ. ದರ ಏರುತ್ತದೆ ಎಂಬುದು ಎಲ್ಲರ ನಂಬಿಕೆ. ಕರ್ನಾಟಕದಲ್ಲಿ ಆದದ್ದು ಬೇರೆ. ತಿಂಗಳಿಗೆ 100 ಯೂನಿಟ್ ದಾಟಿದವರಿಗೆ 7 ರೂಪಾಯಿ ಇದ್ದ ದರ 2024ರ ಏಪ್ರಿಲ್‌ನಲ್ಲಿ 5.90ಕ್ಕೆ, ಮರುವರ್ಷ 5.80ಕ್ಕೆ ಇಳಿಯಿತು. ಏರಿದ್ದು ಯಾವುದು? ನಿಗದಿತ ಶುಲ್ಕ. ಮಂಜೂರಾದ ಲೋಡಿನ ಒಂದು ಕಿಲೋವ್ಯಾಟ್‌ಗೆ 120 ಇದ್ದದ್ದು 145 ಆಯಿತು. ನಮ್ಮ 4 ಕಿಲೋವ್ಯಾಟ್‌ಗೆ ತಿಂಗಳಿಗೆ 580 ರೂಪಾಯಿ. ತಾರಸಿ ತುಂಬ ಪ್ಯಾನೆಲ್ ಹಾಸಿದರೂ ಈ 580 ಕರಗುವುದಿಲ್ಲ. ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿನ ದರ ಇಳಿಸಿ ನಿಗದಿತ ಶುಲ್ಕ ಏರಿಸಿದಷ್ಟೂ ಪ್ಯಾನೆಲ್ಲಿನ ದುಡಿಮೆಗೆ ಬೆಲೆ ಕಡಿಮೆ. ಸೋಲಾರ್ ಹಾಕಿಸುವವರು ಮೋಡಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ದರಪಟ್ಟಿಗೆ.

ಬಡ್ಡಿಯನ್ನೂ ಸೇರಿಸಿ ನಮ್ಮ ತಾರಸಿಯ ಒಂದು ಯೂನಿಟ್ಟಿಗೆ ಎಷ್ಟು ಬಿತ್ತು ಎಂದೂ ನೋಡಿದೆ. 3 ರೂಪಾಯಿ 20 ಪೈಸೆ. ಸಹಾಯಧನ ಇಲ್ಲದಿದ್ದರೆ 4 ರೂಪಾಯಿ 80 ಪೈಸೆ. ನಮಗೆ ಕರೆಂಟು ಪೂರೈಸುವ ಕಂಪನಿ ಬೆಸ್ಕಾಂ ಕೊಡುವ ಯೂನಿಟ್ಟಿಗಿಂತ ಆಗಲೂ ಅಗ್ಗವೇ. ಶೇ 6ರ ಬಡ್ಡಿಗೆ ಐದು ವರ್ಷದ ಸಾಲ ತೆಗೆದರೆ 1,17,000ಕ್ಕೆ ತಿಂಗಳ ಕಂತು 2,260 ರೂಪಾಯಿ; ತಿಂಗಳ ಉಳಿತಾಯ 2,270. ಇಷ್ಟು ನಾಜೂಕಾಗಿ ಸರಿತೂಗುವ ಸಾಲವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಅಂದವಾದ ಲೆಕ್ಕವೆಲ್ಲ ನಿಂತಿರುವುದು ನೆಟ್ ಮೀಟರಿಂಗ್ ಎಂಬ ಒಂದು ಕಾಲಿನ ಮೇಲೆ. ಪ್ಯಾನೆಲ್ ದುಡಿಯುವುದು ಹಗಲು. ಹಗಲು ಮನೆಯಲ್ಲಿ ಫ್ರಿಜ್ಜು ಬಿಟ್ಟರೆ ಯಾರಿದ್ದಾರೆ? ನಮ್ಮಲ್ಲಿ ಹುಟ್ಟುವ ಕರೆಂಟಿನ ಮೂರನೇ ಒಂದು ಭಾಗ ಮಾತ್ರ ಅದೇ ಕ್ಷಣ ಮನೆಗೆ ಹೋಗುತ್ತದೆ, ಮಿಕ್ಕದ್ದು ಬೀದಿಯ ತಂತಿಗೆ ಹೋಗಿ ಎದುರು ಮನೆಯ ಮಿಕ್ಸಿ ತಿರುಗಿಸುತ್ತದೆ. ರಾತ್ರಿ ನಾವು ಅಷ್ಟನ್ನೇ ತಂತಿಯಿಂದ ವಾಪಸ್ ಪಡೆಯುತ್ತೇವೆ. ಮೀಟರ್ ಕೊಟ್ಟದ್ದನ್ನು ತೆಗೆದುಕೊಂಡದ್ದರಿಂದ ಕಳೆದು ಬಿಲ್ ಬರೆಯುತ್ತದೆ. ಪಕ್ಕದ ಮನೆಯಿಂದ ಕಡ ತಂದ ಸಕ್ಕರೆಯನ್ನು ಅದೇ ಲೋಟದಲ್ಲಿ ಅಳೆದು ಹಿಂದಿರುಗಿಸಿದ ಹಾಗೆ, ಯೂನಿಟ್ಟಿಗೆ ಯೂನಿಟ್ಟು. ಹೀಗೆ ನಮಗೆ ಬಿಟ್ಟಿ ಬ್ಯಾಟರಿಯಾಗಿ ನಿಂತಿರುವುದು ಬೆಸ್ಕಾಂ. ನಾಳೆ 'ನೀವು ಕೊಟ್ಟದ್ದಕ್ಕೆ 3 ರೂಪಾಯಿ, ತೆಗೆದುಕೊಂಡದ್ದಕ್ಕೆ 6.68' ಎಂದು ನಿಯಮ ಬದಲಾದರೆ? ನನ್ನ ವರ್ಷದ ಉಳಿತಾಯ 27,000ದಿಂದ 17,000ಕ್ಕೆ ಕುಸಿಯುತ್ತದೆ, ಅಸಲು ಹುಟ್ಟಲು ಬಡ್ಡಿ ಬಿಟ್ಟೂ ಏಳು ವರ್ಷ. ಆಗ ಮೋಟರ್, ವಾಷಿಂಗ್ ಮಷೀನ್, ಸ್ಕೂಟರ್ ಚಾರ್ಜಿಂಗ್ ಎಲ್ಲವನ್ನೂ ನಡುಮಧ್ಯಾಹ್ನಕ್ಕೆ ಎಳೆದು ತರಬೇಕಾಗುತ್ತದೆ.

ನಿಯಮ ಬದಲಾಗುತ್ತದೆ ಎಂಬುದು ಬರೀ ಹೆದರಿಕೆಯ ಮಾತಲ್ಲ. 2013ರಲ್ಲಿ ಕರ್ನಾಟಕ ತಾರಸಿಯ ಕರೆಂಟಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಕೊಡುತ್ತೇನೆಂದಿತು, 25 ವರ್ಷದ ಒಪ್ಪಂದದ ಮೇಲೆ. ಕೋಳಿ ಶೆಡ್ಡುಗಳ ತಗಡಿನ ಮೇಲೂ ಪ್ಯಾನೆಲ್ಲು ಎದ್ದವು. 2016ರಲ್ಲಿ ಹೊಸಬರಿಗೆ ಸಣ್ಣ ಘಟಕದ ದರ 7 ರೂಪಾಯಿ 8 ಪೈಸೆ ಆಯಿತು, ಆಮೇಲೆ ಇನ್ನೂ ಇಳಿಯಿತು. ಪ್ಯಾನೆಲ್ ಅಗ್ಗವಾದಂತೆ ದರ ಇಳಿಸುವುದು ಅನ್ಯಾಯವೂ ಅಲ್ಲ. ಆದರೆ ಅದೇ ಬೀದಿಯಲ್ಲಿ ಅದೇ ಬಿಸಿಲಿಗೆ ಒಬ್ಬ ಒಂಬತ್ತೂವರೆ ರೂಪಾಯಿ ಪಡೆಯುತ್ತಿದ್ದಾನೆ, ಇನ್ನೊಬ್ಬನಿಗೆ ಅದರ ಅರ್ಧವೂ ಇಲ್ಲ.

ಜನ ಕೇಳುವ ಇನ್ನೊಂದು ಪ್ರಶ್ನೆ: "ಸೋಲಾರ್ ಇದ್ದ ಮೇಲೆ ನಿಮಗೆ ಕರೆಂಟ್ ಹೋಗೋದೇ ಇಲ್ಲ ಅಲ್ವಾ?" ಹೋಗುತ್ತದೆ. ಸುಡುಬಿಸಿಲಿನಲ್ಲಿ, ಆರು ಪ್ಯಾನೆಲ್ ತಲೆಯ ಮೇಲೆ ಹೊತ್ತುಕೊಂಡು, ನಮ್ಮ ಮನೆಯ ಫ್ಯಾನು ನಿಲ್ಲುತ್ತದೆ. ದೀಪದ ಬುಡದ ಕತ್ತಲೆ ಎಂದರೆ ಇದೇ. ಬೀದಿಯ ಲೈನಿನಲ್ಲಿ ಕರೆಂಟ್ ಇಲ್ಲದಾಗ ನಮ್ಮ ಇನ್ವರ್ಟರ್ ತಾನಾಗಿ ಆರಿಹೋಗುವಂತೆ ಮಾಡಿರುತ್ತಾರೆ, ಮಾಡಿರಲೇಬೇಕು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ನನ್ನ ತಾರಸಿಯ ಕರೆಂಟು ತಾಗಬಾರದಲ್ಲ. ನಮಗೆ ಇದನ್ನು ಮಾರುವಾಗ ಯಾರೂ ಹೇಳಲಿಲ್ಲ. ಮೊದಲ ಪವರ್ ಕಟ್ಟಿನ ದಿನ ಮನೆಯವರ ಮುಂದೆ ನನ್ನ ಮರ್ಯಾದೆ ಹೋಯಿತು.

ಹಾಗಾದರೆ ಬ್ಯಾಟರಿ ಇಟ್ಟರೆ? ಇಡಬಹುದು, ಆದರೆ ಅದನ್ನು ಉಳಿತಾಯ ಎನ್ನಬೇಡಿ. 150 ಆಂಪಿಯರ್ ಅವರ್‌ನ ಸಾಮಾನ್ಯ ಬ್ಯಾಟರಿಯಲ್ಲಿ ಹಿಡಿಸುವುದು 1.8 ಯೂನಿಟ್, ಅದರ ಆಯುಷ್ಯ ಉಳಿಯಬೇಕಾದರೆ ದಿನಕ್ಕೆ ಅರ್ಧ ಮಾತ್ರ ತೆಗೆಯಬೇಕು. ನಾಲ್ಕೈದು ವರ್ಷ ಬಾಳುವ ಅದು ಜೀವಮಾನದಲ್ಲಿ ದಾಟಿಸುವುದು ಸುಮಾರು 1,500 ಯೂನಿಟ್. ಬೆಲೆ 15,000 ಎಂದರೆ ಯೂನಿಟ್ಟಿಗೆ 10 ರೂಪಾಯಿ, ಬರೀ ಇಟ್ಟುಕೊಳ್ಳುವುದಕ್ಕೆ. ಕತ್ತಲಲ್ಲಿ ಕೂರದಿರುವ ಸುಖಕ್ಕೆ ಬೆಲೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಂಡರೆ ತಪ್ಪಿಲ್ಲ.

ಆ ಸುಖವೇ ಎಲ್ಲವೂ ಆಗಿದ್ದ ಮನೆಗಳೂ ಇದ್ದವು. ಹರೀಶ್ ಹಂದೆ ಅವರು 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಕಟ್ಟಿ ಮಲೆನಾಡು, ಕರಾವಳಿಯ ಹಳ್ಳಿಗಳಿಗೆ ಎರಡು ನಾಲ್ಕು ದೀಪದ ಸೋಲಾರ್ ಹೊತ್ತು ಹೋದಾಗ ಪ್ಯಾನೆಲ್ ಇವತ್ತಿನ ಬೆಲೆಗಿಂತ ಎಷ್ಟೋ ಪಟ್ಟು ದುಬಾರಿ. ಆದರೂ ಜನ ಕೊಂಡರು, ಬ್ಯಾಂಕುಗಳು ಸಾಲ ಕೊಟ್ಟವು. 2003ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಇದಕ್ಕೆಂದೇ ಕಡಿಮೆ ಬಡ್ಡಿಯ ಸಾಲ ಆರಂಭಿಸಿದವು. ಆ ಮನೆಗಳಲ್ಲಿ ಸೋಲಾರ್ ಬಂದದ್ದು ಆರು ರೂಪಾಯಿಯ ಯೂನಿಟ್ಟಿನ ಬದಲಿಗಲ್ಲ, ಸೀಮೆಎಣ್ಣೆ ಬುಡ್ಡಿಯ ಬದಲಿಗೆ. ಬುಡ್ಡಿಯ ಹೊಗೆಗೆ ಹೋಲಿಸಿದರೆ ಯಾವ ಬೆಲೆಯೂ ದುಬಾರಿಯಲ್ಲ. ಪ್ಯಾನೆಲ್ಲಿನ ಉಳಿತಾಯ ಪ್ಯಾನೆಲ್ಲಿನಲ್ಲಿ ಇರುವುದೇ ಇಲ್ಲ. ಅದು ಯಾವ ಖರ್ಚನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೋ ಆ ಖರ್ಚಿನಲ್ಲಿ ಇರುತ್ತದೆ.

ಮೇಷ್ಟ್ರ ಮನೆಗೆ ಈಗ ಹೋಗಬಹುದು. ಅವರ ಮನೆಯ ಸರಾಸರಿ ತಿಂಗಳಿಗೆ 130 ಯೂನಿಟ್. ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆಯಾದ ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿಗೆ ಶೇ 10 ಸೇರಿಸಿ 143 ಯೂನಿಟ್‌ವರೆಗೆ ಅವರಿಗೆ ಉಚಿತ. 2023ರ ಆಗಸ್ಟಿನಿಂದ ಸಾಮಾನ್ಯ ತಿಂಗಳುಗಳಲ್ಲಿ ಅವರಿಗೆ ಬರುತ್ತಿರುವುದು ಸೊನ್ನೆ ಬಿಲ್ಲು. ಸೊನ್ನೆಯಿಂದ ಏನನ್ನು ಉಳಿಸುವುದು? 1,17,000 ಹಾಕಿದರೆ ಲಾಭ ಆಗುವುದು ಅವರ ಪರವಾಗಿ ಬಿಲ್ ಕಟ್ಟುವ ರಾಜ್ಯ ಸರ್ಕಾರಕ್ಕೆ. ಒಂದು ಸರ್ಕಾರ ಪ್ಯಾನೆಲ್ ಹಾಕಿಸಿಕೊಳ್ಳಿ ಎಂದು ದುಡ್ಡು ಕೊಡುತ್ತದೆ, ಇನ್ನೊಂದು ಸರ್ಕಾರ ಹಾಕಿಸಿಕೊಳ್ಳುವ ಕಾರಣವನ್ನೇ ತೆಗೆದುಬಿಡುತ್ತದೆ. ಇದರಲ್ಲಿ ಯಾವುದು ಸರಿ ಎಂಬ ಜಗಳ ಬೇಡ. ಬಡ ಮನೆಗೆ ಉಚಿತ ಕರೆಂಟು ದೊಡ್ಡ ನೆಮ್ಮದಿ. ಲೆಕ್ಕ ಮಾತ್ರ ಹೀಗಿದೆ.

ಆದರೆ ಮೇಷ್ಟ್ರಿಗೆ ಬೇರೊಂದು ತಾಪತ್ರಯವಿತ್ತು. ಬೇಸಿಗೆ ರಜೆಗೆ, ಹಬ್ಬಕ್ಕೆ ಮಗಳ ಸಂಸಾರ ಬಂದರೆ ತಿಂಗಳ ಬಳಕೆ 200ರ ಅಂಚಿಗೆ ಹೋಗಿ ನಿಲ್ಲುತ್ತಿತ್ತು. 200ರ ಒಳಗಿದ್ದರೆ 143ರ ಮೇಲಿನದಕ್ಕೆ ಮಾತ್ರ ದುಡ್ಡು, 380 ರೂಪಾಯಿ ಆಸುಪಾಸು. 201 ಆಯಿತೋ, ಅಷ್ಟೂ ಯೂನಿಟ್ಟಿಗೆ ಪೂರ್ತಿ ಬಿಲ್ಲು: 1,340 ರೂಪಾಯಿ, ಮೇಲೆ ನಿಗದಿತ ಶುಲ್ಕ. ಇನ್ನೂರಾ ಒಂದನೇ ಯೂನಿಟ್ಟು ಒಂದರ ಬೆಲೆಯೇ ಸಾವಿರದ ಹತ್ತಿರ! ಬಳಕೆ ಏರುವುದಕ್ಕೆ ಕಾರಣ ಗೀಸರ್ ಎಂದು ಮೀಟರ್ ಓದಿದರೆ ಗೊತ್ತಾಗುತ್ತಿತ್ತು. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ಕಾಯಿಸಲು 3.8 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಗೀಸರ್ ಆದರೂ ಬದಲಾಗದು. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನವಿಡೀ ದುಡಿದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಪ್ಯಾನೆಲ್ಲಿಗೆ ಸಹಾಯಧನ ಬಿಟ್ಟರೆ 60,000ದ ಮೇಲೆ; ನೂರು ಲೀಟರಿನ ಸೋಲಾರ್ ವಾಟರ್ ಹೀಟರಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ. ಬಿಸಿಲನ್ನು ಕರೆಂಟು ಮಾಡಿ ಆ ಕರೆಂಟಿನಿಂದ ನೀರು ಕಾಯಿಸುವುದಕ್ಕಿಂತ ಬಿಸಿಲಿನಲ್ಲೇ ನೀರು ಕಾಯಿಸುವುದು ಅಗ್ಗ ಎಂಬುದು ಬೆಂಗಳೂರಿನ ತಾರಸಿಗಳಿಗೆ ಎಂದೋ ಗೊತ್ತಾಗಿದೆ. ಪ್ಯಾನೆಲ್ಲಿನ ಹೊಸ ಗದ್ದಲದಲ್ಲಿ ನಾವು ಅದನ್ನು ಮರೆತಿದ್ದೇವೆ ಅಷ್ಟೇ. ಗೀಸರ್ ಇರುವ ಮನೆ ಮೊದಲು ನೀರಿನ ಲೆಕ್ಕ ಮುಗಿಸಬೇಕು, ಕರೆಂಟಿನದು ಆಮೇಲೆ.

ಮೇಷ್ಟ್ರು ಹೀಟರ್ ಹಾಕಿಸಿದರು. ಈ ಸಲ ದೀಪಾವಳಿಗೆ ಮೊಮ್ಮಕ್ಕಳು ಎಣ್ಣೆಸ್ನಾನ ಮಾಡಿ ಹೋದ ತಿಂಗಳೂ ಅವರ ಬಳಕೆ 200 ದಾಟಲಿಲ್ಲ. ನಮ್ಮ ಮನೆಯದು ಬೇರೆ ಕಥೆ. ಕಳೆದ ಜುಲೈನಲ್ಲಿ ತಾರಸಿ ಕೊಟ್ಟದ್ದು 280 ಯೂನಿಟ್, ಮನೆ ತಿಂದದ್ದು 390. ಬಂದ ಬಿಲ್ಲು 1,315 ರೂಪಾಯಿ. ಅದರಲ್ಲಿ 580 ನಿಗದಿತ ಶುಲ್ಕ.